ಅನುಭವ ಹಂಚಿಕೊಳ್ಳಿ: ಅಳು ಬಂದರೂ ನೋಡಲೇಬೇಕಾದ ಸಿನಿಮಾ ಯಾವುದು?

ನೀರ್ಚಾಲಿನ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪ ಹೋಗಿ ಇನ್ನೂ ವರ್ಷಾಂತಿಕ ಆಗಿಲ್ಲ. ಅಡಿಕೆ ಕೊಯ್ಲಿನ ಸಮಯಕ್ಕೆ ಬೆಂಗಳೂರಿನಿಂದ ರಜೆ ಹಾಕಿ ಕಾಸರಗೋಡಿನ ನಮ್ಮ ಊರಿಗೆ ಬರುತ್ತಿದ್ದೇನೆ. ರಾತ್ರಿ ಅಮ್ಮನ ಜೊತೆ ಕೂತು ಸಿನಿಮಾ ನೋಡಬೇಕೆಂದಿದೆ. ತಮಾಷೆಯದ್ದು ಹಾಕಿದರೆ ಅಮ್ಮ ಎದ್ದು ಒಳಗೆ ಹೋಗುತ್ತಾರೆ. "ಚೆಂದ ಅಳುವ ಹಾಗಿರುವುದು ಯಾವುದಾದರೂ ಹಾಕು" ಎಂದು ಅವರೇ ಹೇಳಿದ್ದು.

ಷರತ್ತು ಎರಡು ಮೂರು ಉಂಟು. ಆಸ್ಪತ್ರೆ ದೃಶ್ಯ ಬೇಡವೇ ಬೇಡ, ಐಸಿಯು ಬಾಗಿಲಲ್ಲಿ ಕೂತದ್ದು ಇಬ್ಬರಿಗೂ ಸಾಕಾಗಿದೆ. ಎರಡೂವರೆ ಗಂಟೆ ದಾಟಬಾರದು, ಅಮ್ಮ ಬೆಳಿಗ್ಗೆ ಬೇಗ ಏಳಬೇಕು. ಕನ್ನಡ, ತುಳು, ಮಲಯಾಳಂ ಮೂರೂ ಆಗುತ್ತದೆ. ಸಬ್‌ಟೈಟಲ್ ಓದುವುದು ಅವರಿಗೆ ಕಷ್ಟ. ನೀವು ನೋಡಿದ್ದು, ನಿಮಗೆ ಅನಿಸಿದ್ದು ಬರೆಯಿರಿ.

ಬದಿಯಡ್ಕದ ಮಾಷ್ಟ್ರು (ನಿವೃತ್ತ)

ಶರಪಂಜರ. 1971. ಪುಟ್ಟಣ್ಣ ಕಣಗಾಲ್, ಕಲ್ಪನಾ. ಇದರ ಮೇಲೆ ಇನ್ನೊಂದಿಲ್ಲ. ಚರ್ಚೆ ಬೇಡ.

ನಾನು ಅದನ್ನು ನಮ್ಮ ಮನೆ ಅಂಗಳದಲ್ಲಿ ಹಾಕಿಸಿದ ಕತೆ ಹೇಳುತ್ತೇನೆ. ಎಂಬತ್ತರ ದಶಕದ ಕೊನೆ. ಆಗ ನಮ್ಮ ಕಡೆ ಟಿವಿ, ವಿಸಿಪಿ (ವಿಡಿಯೊ ಕ್ಯಾಸೆಟ್ ಹಾಕುವ ಯಂತ್ರ) ಎರಡೂ ಬಾಡಿಗೆಗೆ ಸಿಗುತ್ತಿತ್ತು. ಒಂದು ರಾತ್ರಿಗೆ 150 ರೂಪಾಯಿ. ಕ್ಯಾಸೆಟ್ ಒಂದಕ್ಕೆ 10. ಜೀಪಿನ ಬಾಡಿಗೆ ಬೇರೆ 40. ಜೊತೆಗೆ ಬರುವ ಹುಡುಗನಿಗೆ ಊಟ, ಮಲಗಲು ಚಾಪೆ. "ಈ ದುಡ್ಡಿಗೆ ಒಂದು ಸೀರೆ ಬರುತ್ತಿತ್ತು" ಎಂದು ನನ್ನಾಕೆ ಆಗ ಹೇಳಿದ್ದು, ಈಗಲೂ ಹೇಳುತ್ತಾಳೆ. ಮೊದಲು ರಾಜ್‌ಕುಮಾರ್ ಸಿನಿಮಾ ಹಾಕಿ ಎಂದು ಊರಿನವರು ಹಟ ಹಿಡಿದರು. ನಾನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಅರ್ಧಕ್ಕೆ ಬರುವಾಗ ಚಿತ್ರ ಗೆರೆ ಗೆರೆ. ಹುಡುಗ ಹೊಸ ಹತ್ತರ ನೋಟು ಕೇಳಿದ. ವಿಸಿಪಿಯ ಮುಚ್ಚಳ ಬಿಚ್ಚಿದ. ನೋಟಿಗೆ ಎರಡು ಹನಿ ಸೆಂಟು ಹಾಕಿ, ಒಳಗಿನ ಹೊಳೆಯುವ ಡ್ರಮ್ಮಿಗೆ ಒತ್ತಿ ಹಿಡಿದು, ಬೆರಳಿನಲ್ಲಿ ಡ್ರಮ್ಮನ್ನು ಮೆಲ್ಲ ತಿರುಗಿಸಿದ. ನೋಟಿನ ಮೇಲೆ ಕಪ್ಪು ಗೀಟು ಬಂತು. ಚಿತ್ರ ಸರಿ ಆಯಿತು. ನೋಟು ವಾಪಸ್ ಬರಲಿಲ್ಲ, ಅದನ್ನೂ ಖರ್ಚಿಗೆ ಸೇರಿಸಿ. ಕಲ್ಪನಾ ಮಾಡಿದ ಕಾವೇರಿಗೆ ಗಂಡ ಸತೀಶನ ವಿಷಯ ಗೊತ್ತಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಅಂಗಳ ತುಂಬ ಜನ, ಒಬ್ಬರೂ ಏಳಲಿಲ್ಲ. ಕತ್ತಲಲ್ಲೇ ಗಂಡಸರ ಚಾಪೆಗೂ ಹೆಂಗಸರ ಚಾಪೆಗೂ ಜಗಳ, ಸತೀಶನದ್ದು ತಪ್ಪಾ ಅಲ್ವಾ ಎಂದು. ಬೆಳಗಿನ ಜಾವಕ್ಕೆ ಮುಗಿಯಿತು. ಹೊತ್ತು ಮೀರಿತೆಂದು ಜೀಪಿನವನು ಇನ್ನರ್ಧ ಬಾಡಿಗೆ ಕೇಳಿದ. ಕೊಟ್ಟೆ.

ವಾಸಿಯಾಗಿ ಮನೆಗೆ ಬಂದವಳನ್ನು ಮತ್ತೆ ಹುಚ್ಚಿ ಮಾಡುವುದು ಅವಳ ಮನೆಯವರೇ. ಅದರಲ್ಲಿ ಖಳನಾಯಕ ಯಾರೂ ಇಲ್ಲ. ತ್ರಿವೇಣಿಯವರ ಕಾದಂಬರಿಯ ಗಟ್ಟಿತನ ಅದು. ಈಗಿನವರಿಗೆ ಅರ್ಥ ಆಗಲಿಕ್ಕಿಲ್ಲ.

ಕಾಞಂಗಾಡಿನ ಬ್ಯಾಂಕ್‌ನವ

ಮಾಷ್ಟ್ರೇ, ಆಸ್ಪತ್ರೆ ಬೇಡ ಎಂದು ಆ ಹುಡುಗಿ ಕನ್ನಡದಲ್ಲೇ ಬರೆದಿದ್ದಾರೆ. ನೀವು ಹುಚ್ಚಾಸ್ಪತ್ರೆಯ ಸಿನಿಮಾ ಹೇಳುತ್ತೀರಿ. ಇರಲಿ.

ನನ್ನದು ಮಲಯಾಳಂನ ಕಿರೀಡಂ. 1989. ಸಿಬಿ ಮಲಯಿಲ್ ನಿರ್ದೇಶನ, ಲೋಹಿತದಾಸ್ ಬರೆದದ್ದು. ಕತೆ ಇಲ್ಲಿ ಯಾರಿಗೆ ಗೊತ್ತಿಲ್ಲ? ನನ್ನ ಕತೆ ಹೇಳುತ್ತೇನೆ.

ನನ್ನ ಅಪ್ಪನೂ ಕಾನ್‌ಸ್ಟೇಬಲ್. ಅದರ ನಾಯಕ ಸೇತುವಿನ ಅಪ್ಪನ ಹಾಗೆಯೇ, ಮಗ ಎಸ್‌ಐ ಆಗಬೇಕು, ತಾನು ಅವನಿಗೆ ಸೆಲ್ಯೂಟ್ ಹೊಡೆಯಬೇಕು ಎಂಬ ಆಸೆ. ನನ್ನನ್ನು ಎರ್ನಾಕುಳಕ್ಕೆ ಕೋಚಿಂಗಿಗೆ ಹಾಕಿದರು. ಫೀಸು 1,800. ಲಾಡ್ಜಿನ ರೂಮಿಗೆ ತಿಂಗಳಿಗೆ 350, ಮೆಸ್ಸಿಗೆ 300. ಅಮ್ಮನ ಬಳೆ ಒತ್ತೆಗೆ ಹೋಯಿತು. ನಾನು ಹತ್ತರವರೆಗೆ ಕನ್ನಡ ಮೀಡಿಯಂ. ಅಲ್ಲಿ ನೋಟ್ಸ್ ಎಲ್ಲ ಮಲಯಾಳಂ, ಓದಿಸಿಕೊಳ್ಳಲು ಪಕ್ಕದವನಿಗೆ ದಿನಾ ಚಾಯ ಕುಡಿಸಬೇಕು. ಆ ಚಾಯದ ಲೆಕ್ಕ ನನ್ನ ಡೈರಿಯಲ್ಲಿ ಈಗಲೂ ಉಂಟು. ಬರಹದ ಪರೀಕ್ಷೆ ಪಾಸ್. ಓಟ ಪಾಸ್, ಹೈಜಂಪ್ ಪಾಸ್. ಎದೆ ಉಬ್ಬಿಸುವಾಗ ಅರ್ಧ ಸೆಂಟಿಮೀಟರ್ ಕಡಿಮೆ. ಟೇಪು ಹಿಡಿದವನು ಇನ್ನೊಮ್ಮೆ ಉಸಿರು ಎಳೆಯಲು ಬಿಡಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅಪ್ಪ ನನ್ನನ್ನು ಕಿರೀಡಂಗೆ ಕರೆದುಕೊಂಡು ಹೋದರು. ಪೊಲೀಸಿನವನ ಕತೆಯಂತೆ, ಅಷ್ಟೇ ಗೊತ್ತಿದ್ದದ್ದು. ಪೇಟೆ ಮಧ್ಯೆ ಸೇತುವಿನ ಅಪ್ಪನಾದ ತಿಲಕನ್ "ಕತ್ತಿ ಕೆಳಗೆ ಹಾಕು" ಎಂದು ಮಗನಿಗೆ ಕೂಗುವಾಗ ಅಪ್ಪ ಸೀಟಿನ ಕೈ ಹಿಡಿದುಕೊಂಡಿದ್ದರು. ಕೊನೆಗೆ ಸಿನಿಮಾದ ಆ ಅಪ್ಪ ಅಚ್ಯುತನ್ ನಾಯರ್ ತನ್ನ ಬಾಯಿಂದಲೇ ಹೇಳಬೇಕು, ಈ ಹುಡುಗ ಎಸ್‌ಐ ಕೆಲಸಕ್ಕೆ ಅರ್ಹನಲ್ಲ ಎಂದು. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದ್ದು ಒಂದೇ. "ಬ್ಯಾಂಕಿನ ಅರ್ಜಿಗೆ ಕೊನೆಯ ದಿನ ಯಾವತ್ತು?"

ಒಂದು ಎಚ್ಚರಿಕೆ. ಇದರ ಮುಂದಿನ ಭಾಗ ಚೆಂಗೋಲ್, 1993ರದ್ದು, ಅದನ್ನು ನೋಡಬೇಡಿ. ಆ ಅಪ್ಪನ ಪಾತ್ರಕ್ಕೆ ಅದರಲ್ಲಿ ಮಾಡಿದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಉಪ್ಪಳದ ಅಕ್ಕ

ಎಲ್ಲ ಗಂಡಸರ ಕತೆಯೇ ಆಯಿತಲ್ಲ. ಕರುಳಿನ ಕೂಗು ಯಾರಿಗೂ ನೆನಪಿಲ್ಲವಾ? 1994. ವಿನಯಾ ಪ್ರಸಾದ್, ಪ್ರಭಾಕರ್. ಗಂಡ ಸಾಯುತ್ತಾನೆ, ತಾಯಿಗೆ ಕ್ಯಾನ್ಸರ್, ತಾನು ಸಾಯುವ ಮೊದಲು ಮಕ್ಕಳನ್ನು ಒಬ್ಬೊಬ್ಬರನ್ನೇ ಬೇರೆಯವರ ಮನೆಗೆ ಕೊಡುತ್ತಾ ಬರುತ್ತಾಳೆ.

ನಾನು ಅದನ್ನು ಮಂಗಳೂರಿನಲ್ಲಿ ನೋಡಿದ್ದು. ಮಡಿಲಲ್ಲಿ ಎರಡನೆಯ ಮಗಳು, ಇನ್ನೂ ಹಾಲು ಕುಡಿಯುವವಳು. ಆಗ ನಮ್ಮ ಮನೆಯಲ್ಲಿ ಒಂದು ಮಾತು ನಡೆಯುತ್ತಿತ್ತು. ನನ್ನ ನಾದಿನಿಗೆ ಮಕ್ಕಳಿಲ್ಲ. "ನಿನಗೆ ಹೇಗೂ ಇಬ್ಬರು, ಚಿಕ್ಕವಳನ್ನು ಅವಳು ಸಾಕಲಿ, ಹೊರಗಿನವರಾ?" ಎಂದು ಅತ್ತೆ. ಯಜಮಾನರು ಹೂಂ ಅಂದಿದ್ದರು. ತೊಟ್ಟಿಲು ಕೂಡ ಆ ಮನೆಗೆ ಹೋಗಿಯಾಗಿತ್ತು. ನಾನು ಬಾಯಿ ಬಿಟ್ಟಿರಲಿಲ್ಲ.

ಸಿನಿಮಾ ನಡೆಯುವಾಗ ನನ್ನ ಅಳುವಿಗೆ ಮಗು ಎದ್ದು ಅದೂ ಕಿರುಚಲು ಸುರು. ಹಿಂದಿನವರು ಬೈದರು. ಹೊರಗೆ ಬಂದು ಮೆಟ್ಟಿಲಲ್ಲಿ ಕೂತು ಹಾಲು ಕುಡಿಸಿ ಮತ್ತೆ ಒಳಗೆ ಹೋದೆ, ಮಧ್ಯೆ ಒಂದು ಹಾಡು ಹೋಯಿತು. ಬಸ್ ಇಳಿದವಳು ಮನೆಗೆ ಹೋಗಲಿಲ್ಲ. ಸೀದಾ ನಾದಿನಿ ಮನೆಗೆ ಹೋಗಿ ತೊಟ್ಟಿಲು ವಾಪಸ್ ತಂದೆ. ರಿಕ್ಷಾಕ್ಕೆ 25 ರೂಪಾಯಿ, ತೊಟ್ಟಿಲಿಗೆ ಬೇರೆ 5 ತೆಗೆದುಕೊಂಡ. ನಾದಿನಿ ಇವತ್ತಿಗೂ ನಮ್ಮ ಮನೆ ಊಟಕ್ಕೆ ಬರುವುದಿಲ್ಲ. ಬಾರದಿದ್ದರೆ ಬೇಡ. ಮಗಳು ಈಗ ನರ್ಸ್, ನನ್ನ ಜೊತೆಗೇ ಇದ್ದಾಳೆ.

ಕಾಞಂಗಾಡಿನ ಬ್ಯಾಂಕ್‌ನವ

ಅಕ್ಕಾ, ಅದು ಮಲಯಾಳಂನ ಆಕಾಶದೂತು. 1993. ಮಾಧವಿ, ಮುರಳಿ. ಕನ್ನಡದ್ದು ಅದರ ರೀಮೇಕ್. ಮೂಲ ಇರುವಾಗ ನಕಲು ಯಾಕೆ? ಅದರ ರಾಪ್ಪಾಡಿ ಹಾಡು ಕೇಳಿದವರು ಕರುಳಿನ ಕೂಗನ್ನು ನೋಡಲಿಕ್ಕಿಲ್ಲ.

ಉಪ್ಪಳದ ಅಕ್ಕ

ನಿಮ್ಮ ಮೂಲವೂ ಮೂಲ ಅಲ್ಲ ತಮ್ಮಾ. ಅಮೆರಿಕದ ಟಿವಿಗೆ 1983ರಲ್ಲಿ ಮಾಡಿದ ಒಂದು ಚಿತ್ರ ಉಂಟು, ಕತೆ ಅಲ್ಲಿಂದ ಬಂದದ್ದು. ಅಲ್ಲಿಂದ ನೀವು ತಂದರೆ ಮೂಲ, ನಿಮ್ಮಿಂದ ನಾವು ತಂದರೆ ನಕಲಾ? ಮತ್ತೆ ವಿನಯಾ ಪ್ರಸಾದ್ ಬಗ್ಗೆ ಮಾತಾಡಬೇಡಿ. ನಿಮ್ಮ ಮಣಿಚಿತ್ರತ್ತಾಳ್ ಸಿನಿಮಾದ ಶ್ರೀದೇವಿ ಪಾತ್ರಕ್ಕೆ ಅವರನ್ನೇ ಕರೆದದ್ದು. ನಿಮ್ಮ ಕಿರೀಡಂ ಕೂಡ ಕನ್ನಡಕ್ಕೆ ಬಂದಿದೆ, ಶಿವರಾಜ್‌ಕುಮಾರ್ ಅವರ ಮೋಡದ ಮರೆಯಲ್ಲಿ. ಅದನ್ನು ನೋಡಿದ್ದೀರಾ?

ಇನ್ನೊಂದು, ಮಾಷ್ಟ್ರಿಗೆ. ನಮ್ಮ ಮೈದುನ ಆಗ ವಿಸಿಪಿ ಬಾಡಿಗೆಗೆ ಹೋಗುತ್ತಿದ್ದ. ಬರೇ ಬಿಳಿ ಕಾಗದ ಆದರೂ ಆ ಡ್ರಮ್ಮಿನ ಹೆಡ್ ಸರಿಯಾಗುತ್ತದಂತೆ. ನೋಟು ಕೇಳುವುದು ಜೇಬಿಗೆ ಹಾಕಲಿಕ್ಕೆ.

ಬದಿಯಡ್ಕದ ಮಾಷ್ಟ್ರು (ನಿವೃತ್ತ)

ಬಿಳಿ ಕಾಗದದ ನಾರು ಹೆಡ್ಡಿಗೆ ಹಿಡಿಯುತ್ತದೆ ಅಮ್ಮಾ. ನೋಟಿನ ಕಾಗದ ಹತ್ತಿಯದ್ದು. ಗೊತ್ತಿದ್ದೇ ಕೊಟ್ಟದ್ದು ನಾನು.

ಮಂಜೇಶ್ವರ ಹುಡುಗ, ಈಗ ಬೆಂಗಳೂರು

ಎಲ್ಲ ಹಳೆಯದೇ ಹೇಳುತ್ತಿದ್ದೀರಿ. ಸಪ್ತ ಸಾಗರದಾಚೆ ಎಲ್ಲೋ ನೋಡಿ. 2023. ಹೇಮಂತ್ ರಾವ್, ರಕ್ಷಿತ್ ಶೆಟ್ಟಿ, ರುಕ್ಮಿಣಿ ವಸಂತ್. ಎರಡು ಭಾಗ. ಸೈಡ್ ಎ ಸೆಪ್ಟೆಂಬರ್‌ನಲ್ಲಿ ಬಂತು, ಸೈಡ್ ಬಿ ನವೆಂಬರ್‌ನಲ್ಲಿ.

ಎ ನೋಡಲು ಇಬ್ಬರು ಹೋಗಿದ್ದೆವು. ಟಿಕೆಟ್ 320 ಒಂದಕ್ಕೆ, ಆನ್‌ಲೈನಿನಲ್ಲಿ ಮತ್ತೆ 70 ಜಾಸ್ತಿ. ಪಾರ್ಕಿಂಗ್ 60. ಪಾಪ್‌ಕಾರ್ನ್ 380, ಅವಳಿಗೆ ಚೀಸ್ ಬೇಕು ಎಂದು 50 ಮೇಲೆ. ಒಟ್ಟು ಸಾವಿರದ ಇನ್ನೂರು. ಮನು ಜೈಲಿನಲ್ಲಿ, ಪ್ರಿಯಾ ಹೊರಗೆ. ಮನೆ ಮಾಡಲು ದುಡ್ಡು ಸಿಗುತ್ತದೆಂದು ಧಣಿಯ ಮಗ ಮಾಡಿದ ಆಕ್ಸಿಡೆಂಟ್ ತನ್ನ ತಲೆಗೆ ಹಾಕಿಕೊಳ್ಳುತ್ತಾನಲ್ಲ, ಅಲ್ಲಿ ಅವಳು ನನ್ನ ಕಡೆ ತಿರುಗಿ "ನೀನಾಗಿದ್ದರೆ?" ಎಂದು ಕೇಳಿದಳು. ನಾನು "ಸಂಬಳ ಎಷ್ಟು ಅಂತ ನೋಡಿ ಹೇಳ್ತೇನೆ" ಎಂದೆ. ತಮಾಷೆಗೆ. ಅವಳಿಗೆ ತಮಾಷೆ ಅನಿಸಲಿಲ್ಲ. ಆಮೇಲೆ ಒಂದರ ಹಿಂದೆ ಒಂದು. ಅವಳ ಮನೆಯಲ್ಲಿ ಜಾತಕ, ನನ್ನ ಮನೆಯಲ್ಲಿ ಕೇರಳದ ವಿಳಾಸ, "ಹುಡುಗ ಮಲಯಾಳಿಯಾ?" ಎಂದು ಅವಳ ಮಾವ. ಸೈಡ್ ಬಿ ಬರುವಾಗ ನಾನೊಬ್ಬನೇ ಹೋದೆ. ಟಿಕೆಟ್ 290, ಪಾಪ್‌ಕಾರ್ನ್ ಇಲ್ಲ. ಇಂಟರ್‌ವಲ್ ಲೈಟು ಹಾಕಿದಾಗ ನೋಡಿದರೆ ಎರಡು ಸಾಲು ಮುಂದೆ ಅವಳು. ಜೊತೆಗೆ ಅಮ್ಮ. ಇಬ್ಬರೂ ಅಳುತ್ತಿದ್ದರು.

ಬದಿಯಡ್ಕದ ಮಾಷ್ಟ್ರು (ನಿವೃತ್ತ)

ಮಾಡದ ತಪ್ಪನ್ನು ದುಡ್ಡಿಗಾಗಿ ಒಪ್ಪಿಕೊಂಡು ಜೈಲಿಗೆ ಹೋದರೆ ಅದು ದುರಂತ ಹೇಗಾಗುತ್ತದೆ? ಅದು ದಡ್ಡತನ. ಸಮುದ್ರ ತೋರಿಸಿ ಹಿಂದೆ ಪಿಟೀಲು ಬಾರಿಸಿದರೆ ಕಲ್ಪನಾ ಆಗುವುದಿಲ್ಲ.

ಮಂಜೇಶ್ವರ ಹುಡುಗ, ಈಗ ಬೆಂಗಳೂರು

ಹೋಗಲಿ ಬಿಡಿ ಮಾಷ್ಟ್ರೇ. ನಿಮ್ಮ ಕಾಲದಲ್ಲಿ ಹೀರೋಯಿನ್ ಅತ್ತರೆ ಇಡೀ ಊರಿಗೆ ಕೇಳಬೇಕಿತ್ತು. ಈಗ ಕಣ್ಣು ಕೆಂಪಾದರೆ ಸಾಕು.

ಸ್ವರ್ಗದವ

ಸ್ವರ್ಗ ನನ್ನ ಊರಿನ ಹೆಸರು, ಎಣ್ಮಕಜೆ ಪಂಚಾಯತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರುಗಳಲ್ಲಿ ಒಂದು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ. ಹೆಲಿಕಾಪ್ಟರ್ ಬಂತೆಂದರೆ ನಾವು ಮಕ್ಕಳು ಅದರ ಕೆಳಗೆ ಓಡುತ್ತಿದ್ದೆವು. ನನ್ನ ತಮ್ಮನಿಗೆ ಮೂವತ್ತು ದಾಟಿದೆ. ಕುತ್ತಿಗೆ ನಿಲ್ಲುವುದಿಲ್ಲ. ಅನ್ನ ಕಲಸಿ ಬಾಯಿಗೆ ಇಟ್ಟ ಮೇಲೆ ಗಲ್ಲ ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಇಳಿಯುವುದಿಲ್ಲ.

2015ರಲ್ಲಿ ಡಾ. ಬಿಜು ಇದರ ಮೇಲೆ ವಲಿಯ ಚಿರಕುಳ್ಳ ಪಕ್ಷಿಕಳ್ ಎಂಬ ಮಲಯಾಳಂ ಸಿನಿಮಾ ಮಾಡಿದರು. ಕುಂಚಾಕೋ ಬೋಬನ್ ಫೋಟೋ ತೆಗೆಯುವವನ ಪಾತ್ರ. ಊರಿನಲ್ಲಿ ಎರಡು ಪಕ್ಷ ಆಯಿತು. "ನಮ್ಮ ಮಕ್ಕಳನ್ನು ತೋರಿಸಿ ಇವರಿಗೆ ಪ್ರಶಸ್ತಿ" ಎನ್ನುವವರು ಒಂದು ಕಡೆ, ನಮ್ಮ ಅಮ್ಮನೂ ಆ ಕಡೆ. ನಾನು ಈ ಕಡೆ. ಅದರಲ್ಲಿ ಅವನು ಕ್ಯಾಮರಾ ಎತ್ತಲು ಹಿಂಜರಿಯುತ್ತಾನೆ, ಆದರೂ ತೆಗೆಯುತ್ತಾನೆ. ತೆಗೆಯದಿದ್ದರೆ ಯಾರು ನಂಬುತ್ತಿದ್ದರು? 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ 5 ಲಕ್ಷ ಕೊಡಿ ಎಂದಿತು. ಫೋಟೋ ಇಲ್ಲದೆ, ಪತ್ರಿಕೆಯವರಿಲ್ಲದೆ ಅದು ಆಗುತ್ತಿತ್ತಾ?

ಮೇಲೆ ಪಾಪ್‌ಕಾರ್ನಿನ ಲೆಕ್ಕ ಓದಿದೆ. ನನ್ನ ಲೆಕ್ಕವೂ ಇರಲಿ. ಡೈಪರಿಗೆ ತಿಂಗಳಿಗೆ 2,400. ಫಿಟ್ಸಿನ ಮಾತ್ರೆ 1,100. ಮಂಗಳೂರಿಗೆ ಹೋಗಿಬರಲು ಜೀಪಿಗೆ 2,500, ಅವನನ್ನು ಮಲಗಿಸಿಯೇ ಕರೆದುಕೊಂಡು ಹೋಗಬೇಕು. ಅರ್ಜಿ ಹಾಕುವಾಗ ಹುಟ್ಟಿದ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪು. ಕನ್ನಡದಲ್ಲಿ ಒಂದು ಥರ, ಮಲಯಾಳಂನಲ್ಲಿ ಇನ್ನೊಂದು ಥರ. ಅದನ್ನು ತಿದ್ದಿಸಲು ಓಡಾಡಿದ ಬಸ್ ಟಿಕೆಟ್ ಎಲ್ಲ ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ.

ಮಂಜೇಶ್ವರ ಹುಡುಗ, ಈಗ ಬೆಂಗಳೂರು

ಅಣ್ಣಾ, ನಿಮ್ಮ ಕಷ್ಟದ ಎದುರು ನನ್ನದು ಏನೂ ಅಲ್ಲ, ಸರಿ. ಆದರೆ ಕಷ್ಟವನ್ನು ಹೀಗೆ ತಕ್ಕಡಿಯಲ್ಲಿ ಇಟ್ಟರೆ ಇಲ್ಲಿ ಯಾರೂ ಬಾಯಿ ಬಿಡುವ ಹಾಗಿಲ್ಲ.

ಸ್ವರ್ಗದವ

ಬಿಡಬೇಡಿ ಎಂದು ನಾನು ಹೇಳಲಿಲ್ಲ. ಲೆಕ್ಕ ಸುರು ಮಾಡಿದ್ದು ನೀವು.

ನೀರ್ಚಾಲಿನ ಮಗಳು

ಎಲ್ಲರಿಗೂ ಥ್ಯಾಂಕ್ಸ್. ಆದರೆ ಇಲ್ಲಿಯವರೆಗೆ ಬಂದದ್ದರಲ್ಲಿ ಆಸ್ಪತ್ರೆ, ಕ್ಯಾನ್ಸರ್, ಜೈಲು, ಹುಚ್ಚಾಸ್ಪತ್ರೆ ಎಲ್ಲ ಉಂಟು. ಕಿರೀಡಂ ಅಮ್ಮ ನೋಡಿದ್ದಾರಂತೆ. ಬೇರೆ ಯಾರಾದರೂ?

ಕುಂಬಳೆಯ ಯಕ್ಷಗಾನ ಹುಚ್ಚ

ಸಿನಿಮಾ ಯಾಕೆ? ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು. ಒಂದು ಕರ್ಣಪರ್ವದ ತಾಳಮದ್ದಳೆ ಹಾಕಿ, ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ. ಒಳ್ಳೆಯ ಅರ್ಥಧಾರಿ ಕರ್ಣನಿಗೆ ಕೂತರೆ, ಚಕ್ರ ಹೂತುಹೋದ ಮೇಲೆ ಅವನು ಆಡುವ ಮಾತಿಗೆ ಕಲ್ಲಿಗೂ ಕಣ್ಣೀರು ಬರುತ್ತದೆ. ನಾನು ನಮ್ಮ ಮನೆ ಪೂಜೆಗೆ ಮಾಡಿಸಿದ್ದೆ. ಭಾಗವತರಿಗೆ, ಅರ್ಥದವರಿಗೆ, ಮದ್ದಳೆಯವರಿಗೆ ಸಂಭಾವನೆ ಸೇರಿ 38,000. ಮೈಕಿನವನಿಗೆ 6,000, ಅವನದ್ದು ನಡುರಾತ್ರಿ ಕುಂಯ್ ಎಂದು ಕೂಗಲು ಸುರು. ಅರ್ಜುನನಿಗೆ ಹೇಳಿದವರು ಬೇರೆ ಕಡೆ ತಡವಾಗಿ ಬರಲೇ ಇಲ್ಲ. ಕೃಷ್ಣನ ಅರ್ಥ ಹೇಳುತ್ತಿದ್ದವರೇ ಅರ್ಜುನನನ್ನೂ ಹೇಳಿದರು. ಆದರೂ ಜನ ಅತ್ತರು.

ಮತ್ತೆ ನಮ್ಮಲ್ಲಿ ಯಾರು ಸತ್ತರೂ ಕೊನೆಗೆ ಮಂಗಳ ಹಾಡಿಯೇ ಏಳಿಸುವುದು. ನಿಮ್ಮ ಸಿನಿಮಾದವರು ಹಾಗೇ ಬೀದಿಗೆ ಬಿಡುತ್ತಾರೆ.

ಮುಳ್ಳೇರಿಯದ ಅತ್ತೆ

ಭಾವಯ್ಯ, ಮನೆಯಲ್ಲಿ ತಾಯಿ ಮಗಳು ಇಬ್ಬರೇ. ತಾಳಮದ್ದಳೆಗೆ ಅಡುಗೆಯವರು ಯಾರು, ನೀವಾ?

ಮಗೂ, ಘಟಶ್ರಾದ್ಧ ನೋಡು. 1977. ಅನಂತಮೂರ್ತಿಯವರ ಕತೆ, ಗಿರೀಶ ಕಾಸರವಳ್ಳಿಯವರ ಮೊದಲ ಸಿನಿಮಾ, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂದದ್ದು. ಕಪ್ಪು ಬಿಳುಪು. ಆಸ್ಪತ್ರೆ ಇಲ್ಲ, ಎರಡೂವರೆ ಗಂಟೆ ದಾಟುವುದಿಲ್ಲ. ಹಳೆಯ ಪ್ರಿಂಟು ಸರಿಮಾಡಿ 2024ರಲ್ಲಿ ವೆನಿಸ್ಸಿನಲ್ಲಿ ತೋರಿಸಿದ್ದಾರೆ.

ಅದರಲ್ಲಿನ ವಿಧವೆ ಯಮುನಕ್ಕನಿಗೆ ಆದದ್ದು ನನಗೆ ಆಗಲಿಲ್ಲ, ಆದರೆ ಆ ಮನೆ ನನಗೆ ಗೊತ್ತು. ಇಪ್ಪತ್ತೆರಡಕ್ಕೆ ಗಂಡ ಹೋದರು, ತೋಟಕ್ಕೆ ಮದ್ದು ಬಿಡುವಾಗ ಅಡಿಕೆ ಮರದಿಂದ ಬಿದ್ದದ್ದು. ಬೋಳು ಮಾಡುವ ಕಾಲ ಮುಗಿದಿತ್ತು, ಮಾತಿನಲ್ಲಿ ಮಾತ್ರ ದಿನಾ ಬೋಳು ಮಾಡುತ್ತಿದ್ದರು. ಶುಭಕಾರ್ಯ ಎಂದರೆ ನಾನು ಹಿಂದಿನ ಜಗಲಿ. ಟೈಪಿಂಗ್ ಕಲಿಯಲು ಪೇಟೆಗೆ ಹೋದೆ, ಅಲ್ಲಿ ಇವರ ಪರಿಚಯ. ರಿಜಿಸ್ಟ್ರಿ ಮದುವೆ. ಬದುಕಿರುವಾಗಲೇ ಶ್ರಾದ್ಧ ಮಾಡಿ ಅಪ್ಪ ನನ್ನ ಹೆಸರಿನಲ್ಲಿ ಘಟ ಒಡೆಯಲಿಲ್ಲ, ಅಷ್ಟು ಪುಣ್ಯ. ಆದರೆ ಮಾತು ಬಿಟ್ಟರು. ತೋಟದ ಪಾಲು ಕೊಡಲಿಲ್ಲ. ಅಮ್ಮ ಕದ್ದು ಕಳಿಸಿದ ಎರಡು ಬಳೆ, ಒಂದು ಕಂಚಿನ ಉರುಳಿ, ಇಷ್ಟೇ ನನ್ನ ಆಸ್ತಿ. ಉರುಳಿಯನ್ನು ಆಮೇಲೆ ಅಣ್ಣನ ಹೆಂಡತಿ ವಾಪಸ್ ಕೇಳಿದಳು. ಕೊಡಲಿಲ್ಲ.

ಸಿನಿಮಾದಲ್ಲಿ ಎಲ್ಲವನ್ನೂ ನೋಡುವುದು ನಾಣಿ ಎಂಬ ಸಣ್ಣ ಹುಡುಗ. ಅವನಿಗೆ ಅರ್ಧ ಅರ್ಥ ಆಗುತ್ತದೆ, ಅರ್ಧ ಆಗುವುದಿಲ್ಲ. ಕೊನೆಯಲ್ಲಿ ಅವನ ಅಪ್ಪ ಬಂದು ಅವನನ್ನು ಕರೆದುಕೊಂಡು ಹೋಗುತ್ತಾ, ಮರದ ಕೆಳಗೆ...

ಮಂಜೇಶ್ವರ ಹುಡುಗ, ಈಗ ಬೆಂಗಳೂರು

ಅತ್ತೇ! ಕೊನೆ ಹೇಳಬೇಡಿ ಮಾರಾಯ್ರೇ. ನೋಡದವರು ಇದ್ದೇವೆ.

ಮುಳ್ಳೇರಿಯದ ಅತ್ತೆ

1977ರದ್ದನ್ನು ಇನ್ನೂ ನೋಡದಿದ್ದರೆ ಅದು ನಿನ್ನ ತಪ್ಪು ಮಗೂ. ಸರಿ, ಬಿಟ್ಟೆ.

ಕುಂಬಳೆಯ ಯಕ್ಷಗಾನ ಹುಚ್ಚ

ಅತ್ತೇ, ಅಡುಗೆಗೆ ನಾನು ಬರುತ್ತೇನೆ. ಆದರೆ ಬ್ರಾಹ್ಮಣರ ಮನೆ ಕತೆ ಮಾತ್ರ ದುರಂತ ಅಲ್ಲ. ಚೋಮನ ದುಡಿ ಬಿಟ್ಟದ್ದು ಯಾಕೆ? 1975. ಅದಕ್ಕೂ ಸ್ವರ್ಣಕಮಲ. ವಾಸುದೇವ ರಾಯರಿಗೆ ಶ್ರೇಷ್ಠ ನಟ. ಗದ್ದೆ ಬೇಸಾಯ ಮಾಡಬೇಕು ಎನ್ನುವ ಒಂದೇ ಆಸೆ ಆ ಚೋಮನಿಗೆ. ಅದೂ ಕೊಡಲಿಲ್ಲ. ಗುಡಿಸಲಿನ ಬಾಗಿಲು ಹಾಕಿ ದುಡಿ ಬಾರಿಸುತ್ತಲೇ ಇರುತ್ತಾನೆ.

ಸ್ವರ್ಗದವ

ಅದು ಸರಿ. ಆದರೆ ಚೋಮ ತುಳು ಮಾತಾಡಬೇಕಿತ್ತು. ನಮ್ಮ ಸೀಮೆಯ ಆಳು ಯಾವ ಕಾಲದಲ್ಲಿ ಪುಸ್ತಕದ ಕನ್ನಡ ಮಾತಾಡಿದ್ದ? ತುಳುವಿನಲ್ಲಿ ದುರಂತ ಬೇಕಾದರೆ ಅಭಯ ಸಿಂಹ ಮಾಡಿದ ಪಡ್ಡಾಯಿ ನೋಡಿ. ಮ್ಯಾಕ್‌ಬೆತ್ ಕತೆಯನ್ನು ಮೀನುಗಾರರ ಮನೆಗೆ ತಂದಿದ್ದಾರೆ. ರಾಜನೂ ಇಲ್ಲ, ಕಿರೀಟವೂ ಇಲ್ಲ. ಬೋಟು, ಆಸೆ, ಗಂಡ ಹೆಂಡತಿ.

ಉಪ್ಪಳದ ಅಕ್ಕ

ಪಡ್ಡಾಯಿ, ಘಟಶ್ರಾದ್ಧ ಎಲ್ಲ ಎಲ್ಲಿ ನೋಡುವುದು ಹೇಳಿ. ಕಾಸರಗೋಡು ಪೇಟೆಗೆ ಕನ್ನಡ ಸಿನಿಮಾ ಬರುವುದೇ ಅಪರೂಪ. ಬಂದರೂ ಬೆಳಿಗ್ಗೆ ಒಂದು ಶೋ. ತಲಪಾಡಿ ಗಡಿ ದಾಟಿಯೇ ನೋಡಬೇಕು.

ಕಾಞಂಗಾಡಿನ ಬ್ಯಾಂಕ್‌ನವ

ಜನ ಹೋದರೆ ಹಾಕುತ್ತಾರೆ. ಕನ್ನಡ ಕನ್ನಡ ಎಂದು ಮೆರವಣಿಗೆ ಹೋಗುವವರು ಮನೆಯಲ್ಲಿ ಕೂತು ನೋಡುವುದು ಮಲಯಾಳಂ.

ಬದಿಯಡ್ಕದ ಮಾಷ್ಟ್ರು (ನಿವೃತ್ತ)

ಚಂದ್ರಗಿರಿ ಹೊಳೆಯ ಆಚೆ ಇರುವವರಿಗೆ ಇದು ಅರ್ಥ ಆಗುವುದಿಲ್ಲ. 1956ರಲ್ಲಿ ನಮ್ಮನ್ನು ಕೇಳದೆ ಕೇರಳಕ್ಕೆ ಸೇರಿಸಿದರು. ಹೊಳೆಯ ಈಚೆಗಿನದ್ದು ಮೈಸೂರಿಗೆ ಸೇರಬೇಕೆಂದು ಗಡಿ ಬಗ್ಗೆ ಬಂದ ಮಹಾಜನ ವರದಿ ಸ್ಪಷ್ಟ ಹೇಳಿತ್ತು. ಅದನ್ನು ಜಾರಿ ಮಾಡಿದ್ದರೆ ಇವತ್ತು ನಮ್ಮ ಪೇಟೆಯಲ್ಲಿ...

ಮುಳ್ಳೇರಿಯದ ಅತ್ತೆ

ಅಯ್ಯೋ, ಮಹಾಜನ ವರದಿ ಇಲ್ಲಿಗೂ ಬಂತಾ!

ಕಾಞಂಗಾಡಿನ ಬ್ಯಾಂಕ್‌ನವ

ಮಾಷ್ಟ್ರೇ, ಹೊಳೆ ಆಚೆ ಈಚೆ ಬಿಡಿ. ಒಂದು ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ಪುಟ್ಟಣ್ಣನವರದ್ದೇ ನಾಗರಹಾವು, 1972. ರಾಮಾಚಾರಿಯನ್ನು ಹಾಳು ಮಾಡಿದ್ದು ಯಾರು? ಚಾಮಯ್ಯ ಮೇಷ್ಟ್ರು. ಅಲಮೇಲುವನ್ನು ಬಿಟ್ಟುಬಿಡು ಎಂದು ಹೇಳಿದ್ದು ಅವರು. ಇವನು ಗುರುವಿನ ಮಾತೆಂದು ಬಿಟ್ಟ. ಆಮೇಲೆ ಅಲಮೇಲುವಿನ ಗತಿ ಏನಾಯಿತು, ನಮಗೆಲ್ಲ ಗೊತ್ತು. ಅಷ್ಟಾದರೂ ಮಾರ್ಗರೆಟ್ಟಿನ ವಿಷಯದಲ್ಲೂ ಅವನಿಗೆ ಅದೇ ಪಾಠ ಹೇಳಲು ಬೆಟ್ಟ ಹತ್ತಿದರು. ಕಿರೀಡಂನ ಅಪ್ಪನೂ ಮಗನಿಗೆ ಕೇಡು ಬಯಸಿದವನಲ್ಲ, ಆದರೆ ಕೊನೆಗೆ ತನ್ನ ಬಾಯಿಂದಲೇ ಒಪ್ಪಿಕೊಳ್ಳುತ್ತಾನೆ. ಚಾಮಯ್ಯ ಒಪ್ಪಿಕೊಂಡರಾ?

ಬದಿಯಡ್ಕದ ಮಾಷ್ಟ್ರು (ನಿವೃತ್ತ)

ನೀವು ಚಾಮಯ್ಯ ಮಾಡಿದ ಅಶ್ವತ್ಥರ ಮುಖ ಸರಿಯಾಗಿ ನೋಡಿಲ್ಲ. ಬೆಟ್ಟ ಹತ್ತುವಾಗಲೇ ಒಪ್ಪಿಕೊಂಡಾಗಿದೆ. ಸುಮ್ಮನೆ ಮನೆಯಲ್ಲಿ ಕೂರಬಹುದಿತ್ತು, ಯಾರು ಕೇಳುತ್ತಿದ್ದರು? ಹತ್ತಿದವರು ಅವರೊಬ್ಬರೇ. ಅಪ್ಪ ಅಮ್ಮ ಮಗನನ್ನು ಬಿಟ್ಟಾಗಿತ್ತು, ಊರು ಬಿಟ್ಟಾಗಿತ್ತು.

ನಾನು ಮೂವತ್ತಕ್ಕೂ ಜಾಸ್ತಿ ವರ್ಷ ಪಾಠ ಮಾಡಿದವ. ನನ್ನ ಒಬ್ಬ ವಿದ್ಯಾರ್ಥಿ, ಹೆಸರು ಬೇಡ, ಹತ್ತನೆಯಲ್ಲಿ ಓದು ಬಿಟ್ಟು ಗಲ್ಫಿಗೆ ಹೋಗುತ್ತೇನೆ ಎಂದ. ಅವನ ಮನೆಗೆ ಹೋಗಿ ಅಪ್ಪನ ಎದುರು ಕೂತು ಆ ಯೋಚನೆ ಬಿಡಿಸಿದೆ. ಓದಿದ, ಕೆಲಸ ಸಿಗಲಿಲ್ಲ. ಗಲ್ಫಿಗೆ ಹೋದ ಅವನ ಜೊತೆಯವರು ಮಾಳಿಗೆ ಮನೆ ಕಟ್ಟಿದರು. ಈಗಲೂ ಪೇಟೆಯಲ್ಲಿ ಸಿಕ್ಕರೆ ಅವನು ಇನ್ನೊಂದು ಬದಿಗೆ ದಾಟುತ್ತಾನೆ. ಆದರೆ ಅವನ ಮಗಳು ಡಾಕ್ಟರಿಕೆ ಓದುತ್ತಿದ್ದಾಳೆ. ಓದಿಸಬೇಕು ಎಂಬ ಬುದ್ಧಿ ಅವನಿಗೆ ಎಲ್ಲಿಂದ ಬಂತು ಸ್ವಾಮೀ? ಇವತ್ತು ಅಂಥ ಹುಡುಗ ಇನ್ನೊಬ್ಬ ಸಿಕ್ಕಿದರೂ ನಾನು ಅವನ ಮನೆಗೆ ಹೋಗುವವನೇ.

ಕಾಞಂಗಾಡಿನ ಬ್ಯಾಂಕ್‌ನವ

ಹಾಗಾದರೆ ಆ ಹುಡುಗನನ್ನೇ ಇಲ್ಲಿ ಬರೆಯಲು ಹೇಳಿ ಮಾಷ್ಟ್ರೇ. ಅವನ ಪಾಲಿನ ಕತೆಯೂ ಕೇಳೋಣ.

ಬದಿಯಡ್ಕದ ಮಾಷ್ಟ್ರು (ನಿವೃತ್ತ)

ಅವನು ಬರೆಯಲಿ, ನನಗೇನು ಭಯ? ಕಾಗುಣಿತ ತಪ್ಪಿದರೆ ಮಾತ್ರ ಇಲ್ಲಿಯೇ ತಿದ್ದುತ್ತೇನೆ.